ಪೂರ್ತಿ ಅರ್ಥ ಹೇಳುತ್ತಿದ್ದ ಮಿಸ್

ನಮ್ಮ ಇಂಗ್ಲಿಷ್ ಮಿಸ್ ತೊಡುತ್ತಿದ್ದ ಕಪ್ಪು ಬುರ್ಖಾದ ಬಲತೋಳು ಮೊಣಕೈವರೆಗೂ ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತಿತ್ತು. ಮೇಜಿನ ಮೇಲೆ ಡಸ್ಟರ್ ಇದ್ದರೂ ಅವರ ಕೈ ಅದರ ಕಡೆ ಹೋಗುತ್ತಿರಲಿಲ್ಲ. ಬರೆಯುವುದು, ತೋಳಿನಿಂದಲೇ ಒರೆಸುವುದು, ಅದೇ ಜಾಗದಲ್ಲಿ ಇನ್ನೊಂದು ಬರೆಯುವುದು. ಪಾಠ ಮುಗಿಸಿ ಹೋಗುವಾಗಲೂ ಕೊಡವಿಕೊಳ್ಳುತ್ತಿರಲಿಲ್ಲ. ಸಂಜೆ ತರಕಾರಿ ಕೊಳ್ಳಲು ನಿಂತಾಗ ಗಾಡಿಯವನು “ಮೇಡಂ, ತೋಳು” ಎಂದು ತೋರಿಸಿದರೆ, “ಇರ್ಲಿ ಬಿಡಪ್ಪ, ನಾಳೆ ಮತ್ತೆ ಆಗುತ್ತೆ” ಎನ್ನುತ್ತಿದ್ದರು.

ನಾನು ಗುಬ್ಬಿ ತಾಲ್ಲೂಕಿನ ಹಳ್ಳಿಯವಳು. ಹತ್ತನೇ ತರಗತಿವರೆಗೂ ಕನ್ನಡ ಮೀಡಿಯಂನಲ್ಲಿ ಓದಿ, ಪಿಯುಸಿ ಸೈನ್ಸಿಗೆ ದಿನಾ ಗುಬ್ಬಿಯಿಂದ ರೈಲು ಹತ್ತಿ ತುಮಕೂರಿಗೆ ಬರುತ್ತಿದ್ದೆ. ಬಯಾಲಜಿ, ಫಿಸಿಕ್ಸ್ ಹೇಗೋ ಉರು ಹೊಡೆಯುತ್ತಿದ್ದೆ. ಇಂಗ್ಲಿಷ್ ಕ್ಲಾಸು ಬಂದರೆ ಮಾತ್ರ ಮುಂದಿನ ಹುಡುಗಿಯ ಬೆನ್ನಿಗೆ ಮರೆಯಾಗಿ ಕೂರುತ್ತಿದ್ದೆ. ಮೊದಲ ದಿನ ಹಾಜರಿ ಕೂಗುವಾಗ ಮಿಸ್ ನನ್ನನ್ನು ಎಬ್ಬಿಸಿ, “ಎಲ್ಲಿಂದ ಬರ್ತೀಯಮ್ಮ?” ಎಂದು ಕೇಳಿದರು.

“ಗುಬ್ಬಿಯಿಂದ ಮಿಸ್.”

“ಹಾರ್ಕೊಂಡ್ ಬರ್ತೀಯಾ ಹಾಗಾದ್ರೆ?”

ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಅವತ್ತಿನಿಂದ ಅವರ ಬಾಯಲ್ಲಿ ನನ್ನ ಹೆಸರು ಗುಬ್ಬಿ ಎಂದೇ ಆಯಿತು. ಹಾಗೆ ಕರೆಯುವವರು ಬೇರೆ ಯಾರೂ ಇರಲಿಲ್ಲ. ಈಗ ಅವರೂ ಇಲ್ಲ.

ಅವರ ಕೊನೇ ತಮ್ಮ ಬಬ್ಬು. ನಾವೆಲ್ಲ ಬಬ್ಬಣ್ಣ ಎನ್ನುವುದನ್ನು ಕಲಿತಿದ್ದು ಆಮೇಲೆ. ಆಗಲೇ ಮೂವತ್ತು ದಾಟಿದ ಎತ್ತರದ ಆಳು. ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿಸಿಕೊಂಡು, ಎಣ್ಣೆ ಹಚ್ಚಿದ ತಲೆಯನ್ನು ಒಂದು ಪಕ್ಕಕ್ಕೆ ಬಾಚಿಸಿಕೊಂಡು, ಮಧ್ಯಾಹ್ನ ಅಕ್ಕನ ಊಟದ ಡಬ್ಬಿ ಹಿಡಿದು ಕಾಲೇಜಿಗೆ ಬರುತ್ತಿದ್ದ. ಅವರ ಮನೆ ಕಾಲೇಜಿನ ಹಿಂದಿನ ಗಲ್ಲಿಯಲ್ಲಿತ್ತು. ಒಬ್ಬನೇ ಓಡಾಡಲು ಅವನಿಗೆ ಗೊತ್ತಿದ್ದದ್ದು ಆ ಒಂದು ದಾರಿ ಮಾತ್ರ. ಡಬ್ಬಿಯನ್ನು ಕ್ಲಾಸಿನ ಹೊಸ್ತಿಲ ಮೇಲಿಟ್ಟು, ಮಿಸ್ ತಿರುಗಿ ನೋಡಿ ತಲೆಯಾಡಿಸುವವರೆಗೂ ನಿಂತಿದ್ದು, ಆಮೇಲೆ ಹೋಗುತ್ತಿದ್ದ. ಮಾತು ಕಡಿಮೆ. ಆಡಿದರೆ ಒಂದೋ ಎರಡೋ ಪದ.

ಒಂದು ದಿನ ಅವನು ಬಂದು ನಿಂತಾಗ ಮಿಸ್ ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದರು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, “ಏ, ಮೆಂಟ್ಲು ಬಂದವ್ನೆ ನೋಡ್ರಲಾ” ಎಂದ. ಗೊಳ್ಳೆಂದು ನಗು. ಎಲ್ಲರೂ ನಗುವುದನ್ನು ನೋಡಿ ಬಬ್ಬಣ್ಣನೂ ನಕ್ಕ. ಮಿಸ್ ತಿರುಗಿದರು, ತಮ್ಮನನ್ನು ನೋಡಿ ಎಂದಿನಂತೆ ತಲೆಯಾಡಿಸಿದರು. ಅವನು ಹೋದ. ಬೋರ್ಡಿನ ಮೇಲಿದ್ದುದನ್ನೆಲ್ಲ ತೋಳಿನಿಂದ ಒರೆಸಿ, ದೊಡ್ಡ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ‘ಮೆಂಟಲ್’ ಎಂದು ಬರೆದರು.

“ಯಾರೋ ಒಳ್ಳೇ ಪದ ಕೊಟ್ರು. ಇದರ ಅರ್ಥ ಏನು?”

ಕೊನೆಗೆ ಒಬ್ಬಳು ಮೆಲ್ಲಗೆ, “ಹುಚ್ಚು ಅಂತ ಮಿಸ್” ಎಂದಳು.

“ಅಲ್ಲ. ಲ್ಯಾಟಿನ್ ಭಾಷೆಯಲ್ಲಿ ಮೆನ್ಸ್ ಅಂತ ಒಂದು ಪದ ಇದೆ. ಮೆನ್ಸ್ ಅಂದ್ರೆ ಮನಸ್ಸು. ಕಿವಿಗೊಟ್ಟು ಕೇಳಿ: ಮೆನ್ಸ್, ಮನಸ್. ಅಕ್ಕತಂಗಿ ಥರ ಕೇಳಿಸಲ್ವಾ? ನಿಜವಾಗ್ಲೂ ಎರಡೂ ಒಂದೇ ಮನೇವು, ದೂರದೂರಿಗೆ ಮದುವೆಯಾಗಿ ಹೋಗಿದಾವೆ ಅಷ್ಟೆ. ಮೆಂಟಲ್ ಅಂದ್ರೆ ಮನಸ್ಸಿಗೆ ಸೇರಿದ್ದು. ಈ ಕ್ಲಾಸಲ್ಲಿ ಮನಸ್ಸಿರೋರು ಯಾರ್ಯಾರಿದೀರ, ಕೈ ಎತ್ತಿ.”

ಹೆದರಿಕೆಗೋ ಏನೋ ನಾನು ಮೊದಲು ಕೈ ಎತ್ತಿದೆ.

“ಗುಬ್ಬಿಗೊಬ್ಬಳಿಗೇನಾ ಇರೋದು?”

ಒಂದೊಂದಾಗಿ ಕೈಗಳು ಮೇಲೆದ್ದವು. ಕೊನೆಗೆ ಹಿಂದಿನ ಬೆಂಚಿನವನದೂ.

“ಸರಿ. ಹಾಗಾದ್ರೆ ಎಲ್ಲರೂ ಮೆಂಟಲ್ಲೇ. ಬಾಗಿಲಿಗೆ ಬಂದಿದ್ನಲ್ಲ, ಅವನು ನನ್ನ ತಮ್ಮ. ಅವನಿಗೂ ಮನಸ್ಸಿದೆ. ಈಗ ಮುಂದಿನ ಪದಕ್ಕೆ ಹೋಗೋಣ.”

ಅವರ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. ಆ ಹುಡುಗನ ಹೆಸರನ್ನೂ ಕೇಳಲಿಲ್ಲ. ಉಳಿದ ಪಾಠವೆಲ್ಲ ತಿಳಿವಳಿಕೆಗೆ ಸಂಬಂಧಪಟ್ಟ ಪದಗಳದ್ದೇ ಆಯಿತು. ನಮ್ಮ ‘ಜ್ಞಾನ’ದ ಜ್ಞ, ಗ್ರೀಕರ ‘ಗ್ನೋಸಿಸ್’ನ ಗ್ನೋ, ಇಂಗ್ಲಿಷಿನ ‘ನೋ’ ಪದದ ಮುಂದೆ ಬರೆದೂ ಓದದೆ ಬಿಡುವ ಕೆ, ಇವೆಲ್ಲ ಒಂದೇ ಬೇರಿನವು ಎಂದರು. ಆ ಕೆ ಅಕ್ಷರ ಯಾಕಿದೆ ಎಂಬುದು ಐದನೇ ಕ್ಲಾಸಿನಿಂದ ನನ್ನನ್ನು ಕಾಡಿತ್ತು. ಯಾರೂ ಹೇಳಿರಲಿಲ್ಲ. “ಅದು ಹಳೇ ಕಾಲದಲ್ಲಿ ಬಾಯಲ್ಲೂ ಇತ್ತು ಕಣ್ರೋ. ಈಗ ಬಾಯಿಂದ ಹೋಗಿದೆ, ಬರಹದಲ್ಲಿ ಕೂತಿದೆ” ಎಂದರು. ಪೇಟೆ ಹುಡುಗಿಯರ ಸೊತ್ತು ಎಂದುಕೊಂಡಿದ್ದ ಭಾಷೆಯೊಳಗೆ ನಮ್ಮಜ್ಜಿ ಆಡುವ ಜ್ಞಾನ, ಮನಸ್ಸು ಇಷ್ಟು ಹತ್ತಿರದಲ್ಲೇ ಇವೆಯಲ್ಲ ಅನ್ನಿಸಿ, ಅವತ್ತು ರೈಲಿನಲ್ಲಿ ಊರು ಬಂದದ್ದೇ ಗೊತ್ತಾಗಲಿಲ್ಲ.

ಶನಿವಾರ ಕಾಲೇಜು ಬೇಗ ಬಿಡುತ್ತಿತ್ತು. ನನ್ನ ರೈಲು ಸಂಜೆಗೆ. “ಸ್ಟೇಷನ್ನಲ್ಲಿ ಕೂತು ಏನ್ ಮಾಡ್ತೀಯ, ಮನೆಗೆ ಬಾ” ಎಂದು ಮಿಸ್ ಕರೆದುಕೊಂಡು ಹೋದರು. ಎರಡು ಕೋಣೆಯ ಬಾಡಿಗೆ ಮನೆ. ಅಕ್ಕ, ತಮ್ಮ ಇಬ್ಬರೇ. ಅಮ್ಮಿ, ಅಬ್ಬಾ ಇಬ್ಬರೂ ತೀರಿಕೊಂಡಿದ್ದರು. ಇನ್ನೊಬ್ಬ ತಮ್ಮ ಹುಟ್ಟಿದೂರು ಕುಣಿಗಲ್‌ನಲ್ಲಿ ಅಬ್ಬಾನ ಸೈಕಲ್ ಶಾಪನ್ನೇ ಪಂಕ್ಚರ್ ಅಂಗಡಿ ಮಾಡಿಕೊಂಡು ಸಂಸಾರ ನಡೆಸುತ್ತಿದ್ದರು. ಮಿಸ್ ಯಾಕೆ ಮದುವೆಯಾಗಲಿಲ್ಲ ಎಂದು ಒಮ್ಮೆ ಬಾಯಿ ತಪ್ಪಿ ಕೇಳಿಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. “ಕೇಳ್ಕೊಂಡ್ ಬಂದೋರೆಲ್ಲ ಒಬ್ಬರನ್ನ ಕೇಳಿದ್ರು ಗುಬ್ಬಿ. ನಾವು ಇಬ್ಬರಿದ್ವಿ” ಎಂದರು.

ಅವರೆಕಾಯಿ ಕಾಲದಲ್ಲಿ ಆ ಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನೆನೆಸಿದ ಕಾಳಿನ ಪಾತ್ರೆಯನ್ನು ಕಾಲ ನಡುವೆ ಇಟ್ಟುಕೊಂಡು ಬಬ್ಬಣ್ಣ ಹಿತಕಲು ಕೂತನೆಂದರೆ ಎದ್ದೇಳುತ್ತಿದ್ದುದು ಪಾತ್ರೆ ಬರಿದಾದ ಮೇಲೆಯೇ. ಹೆಬ್ಬೆರಳು, ತೋರುಬೆರಳ ನಡುವೆ ಒಂದು ಒತ್ತು, ಸಿಪ್ಪೆ ಈ ಕಡೆ, ಬೇಳೆ ಆ ಕಡೆ. ಒಂದೂ ಮುರಿಯುತ್ತಿರಲಿಲ್ಲ. ನಾನು ಹಿತಕಿದರೆ ಕಾಳು ಚಿಮ್ಮಿ ಗೋಡೆಗೆ ಹೋಗುತ್ತಿತ್ತು. ಅವನಿಗೆ ಅದು ಮಹಾ ತಮಾಷೆ. “ಪದಾನೂ ಹಿಂಗೇ ಹಿತಕಬೇಕು. ಜೋರಾಗಿ ಒತ್ತಿದ್ರೆ ಹಾರೋಗುತ್ತೆ” ಎನ್ನುತ್ತ ಮಿಸ್ ಪಾಠ ಶುರುಮಾಡುತ್ತಿದ್ದರು.

ಪಾಠವೆಂದರೆ ಮಾತು, ಅಷ್ಟೆ. ‘ಪೆನ್ಸಿವ್’ ಎಂದು ನಾನು ಪುಸ್ತಕದಿಂದ ಓದಿದರೆ, “ಅದರೊಳಗೆ ತಕ್ಕಡಿ ಇದೆ ನೋಡು, ಲ್ಯಾಟಿನ್‌ನಲ್ಲಿ ತೂಗೋದು ಅಂತ. ನಾವೂ ಅಳೆದು ತೂಗಿ ನೋಡು ಅಂತೀವಲ್ಲ, ಯೋಚನೆ ಮಾಡೋನು ಎಲ್ಲಿದ್ರೂ ವ್ಯಾಪಾರಸ್ಥನೇ” ಎನ್ನುವರು. ಮನುಷ್ಯಜಾತಿಗೆ ‘ಸೇಪಿಯನ್ಸ್’ ಎಂಬ ಹೆಸರಿರುವುದನ್ನು ಬಯಾಲಜಿಯಲ್ಲಿ ಓದಿದ್ದೆ. ಬುದ್ಧಿವಂತ ಎಂದು ಅರ್ಥ ಬರೆದುಕೊಂಡಿದ್ದೆ. “ಅದಕ್ಕಿಂತ ಹಿಂದಕ್ಕೆ ಹೋಗು. ರುಚಿ ನೋಡೋದು ಅಂತಿದೆ. ರುಚಿ ಗೊತ್ತಿರೋನೇ ತಿಳಿದೋನು” ಎಂದು ಹೇಳಿ, ತಾವು ಮಾಡಿದ ಸಾರನ್ನು ಬಬ್ಬಣ್ಣನ ಅಂಗೈಗೆ ಒಂದು ತೊಟ್ಟು ಹಾಕಿದರು. ಅವನು ನೆಕ್ಕಿ, “ಉಪ್ಪು” ಎಂದ. ಉಪ್ಪು ಕಮ್ಮಿಯಾಗಿತ್ತು. “ನೋಡಿದ್ಯಾ, ನಮ್ಮ ಸೇಪಿಯನ್ಸ್” ಎಂದು ಮಿಸ್ ಅವನ ತಲೆ ಸವರಿದರು. ಕನ್ನಡವನ್ನೂ ಅವರು ಹಾಗೇ ನೋಡುತ್ತಿದ್ದರು. ತಿಳಿನೀರು ಅನ್ನುವಾಗಿನ ತಿಳಿ, ಪಾಠ ತಿಳಿಯಿತು ಅನ್ನುವಾಗಿನ ತಿಳಿ ಎರಡೂ ಒಂದೇ ಎಂಬುದನ್ನು ಕನ್ನಡದವಳಾದ ನಾನು ಮನೆಯಲ್ಲಿ ಉರ್ದು ಆಡುವ ಅವರಿಂದ ಕೇಳಿ ತಿಳಿದೆ. “ಕೆಸರು ಕೂತ್ಕೊಳ್ಳೋವರೆಗೂ ಕಾದ್ರೆ ಸಾಕು ಅಂತ ನಿಮ್ಮೋರಿಗೆ ಆಗಲೇ ಗೊತ್ತಿತ್ತು” ಎಂದಿದ್ದರು.

ಅಂಥದೇ ಒಂದು ಶನಿವಾರ ಫಿಸಿಕ್ಸ್ ಪುಸ್ತಕ ತೆರೆದು, “ಮಿಸ್, ರಿಟಾರ್ಡೇಶನ್ ಅಂದ್ರೆ ವೇಗ ಕಮ್ಮಿಯಾಗೋದು ಅಂತಿದೆ. ಇದರ ಬೇರು ಯಾವುದು?” ಎಂದು ಕೇಳಿದೆ.

ಮಿಸ್ ಕೈಯಲ್ಲಿದ್ದ ಕಾಳನ್ನು ಪಾತ್ರೆಗೆ ವಾಪಸ್ಸು ಹಾಕಿದರು. ನಾನೇನು ಕೇಳಿಬಿಟ್ಟೆ ಎಂದು ನನಗೆ ಗಾಬರಿಯಾಯಿತು.

“ಟಾರ್ಡಸ್. ಲ್ಯಾಟಿನ್. ನಿಧಾನ ಅಂತ” ಎಂದರು. ಆಮೇಲೆ ತಾವಾಗಿಯೇ ಹೇಳತೊಡಗಿದರು.

“ನಾನಾಗ ಎಂಟನೇ ಕ್ಲಾಸು. ಬಬ್ಬೂಗೆ ಐದು ವರ್ಷ ಆಗಿದ್ರೂ ಮಾತು ಬಂದಿರ್ಲಿಲ್ಲ. ಅಬ್ಬಾ ಅವನನ್ನ ಬೆಂಗಳೂರಿಗೆ ಕರ್ಕೊಂಡು ಹೋಗಿ ದೊಡ್ಡ ಡಾಕ್ಟರ್‌ಗೆ ತೋರಿಸ್ಕೊಂಡು ಬಂದ್ರು. ಡಾಕ್ಟರ್ ಒಂದು ಇಂಗ್ಲಿಷ್ ಪದ ಹೇಳಿದ್ರಂತೆ. ಮರ್ತೋಗಬಾರದು ಅಂತ ಬಸ್ಸಲ್ಲಿ ಕುಣಿಗಲ್‌ವರೆಗೂ ಅದನ್ನೇ ಬಾಯಲ್ಲಿ ಹೇಳ್ಕೊಂಡು ಬಂದಿದ್ರು. ಚಪ್ಪಲಿ ಬಿಡೋಕ್ ಮುಂಚೆನೇ, ‘ಬೇಟಿ, ರಿಟಾರ್ಡ್ ಅಂದ್ರೇನು ನೋಡು’ ಅಂದ್ರು. ಮನೇಲಿ ಇಂಗ್ಲಿಷ್ ಬರ್ತಿದ್ದೋಳು ನಾನೊಬ್ಳೇ. ಡಿಕ್ಷನರಿ ತೆಗೆದೆ. ತಡ ಮಾಡು, ನಿಧಾನ ಆಗು ಅಂತಿತ್ತು. ‘ತಡ ಆಗುತ್ತಂತೆ ಅಬ್ಬಾ, ಅಷ್ಟೇ’ ಅಂದೆ. ಅಬ್ಬಾ ಅವತ್ತು ಸಂಜೆ ಮಿಠಾಯಿ ತಂದ್ರು ಗುಬ್ಬಿ.”

ನಾನು ಫಿಸಿಕ್ಸ್ ಪುಸ್ತಕ ಮುಚ್ಚಿದೆ.

“ತಡ ಅಂದ್ರೆ ಬರುತ್ತೆ ಅಂತ ತಾನೇ? ರೈಲು ತಡ ಅಂದ್ರೆ ಸ್ಟೇಷನ್ನಲ್ಲಿ ಕಾಯ್ತೀವಿ, ಮನೆಗೆ ವಾಪಸ್ ಹೋಗ್ತೀವಾ? ಅಬ್ಬಾ ಕಾದ್ರು. ಬರೋ ರಂಜಾನ್‌ಗೆ ಮಾತಾಡ್ತಾನೆ, ಅದರ ಮುಂದಿನದಕ್ಕೆ ಸ್ಕೂಲಿಗೆ ಹೋಗ್ತಾನೆ ಅಂತ. ಸಾಯೋ ವರ್ಷದಲ್ಲೂ ಅಂಗಡಿಗೆ ಬಂದೋರಿಗೆ ‘ನಮ್ಮ ಚಿಕ್ಕವನದು ಸ್ವಲ್ಪ ತಡ’ ಅಂತಿದ್ರು. ನಾನು ಪದದ ಅರ್ಧ ಅರ್ಥ ಹೇಳ್ಬಿಟ್ಟಿದ್ದೆ. ಇನ್ನರ್ಧ ಆಗ ನಂಗೂ ಗೊತ್ತಿರ್ಲಿಲ್ಲ. ಗೊತ್ತಾದ್ಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ.”

“ಅದಕ್ಕೇ ಇಂಗ್ಲಿಷ್ ಎಂ.ಎ. ಮಾಡಿದ್ರಾ ಮಿಸ್?”

“ಹಂಗೇನಿಲ್ಲ. ಆದ್ರೆ ಆಮೇಲೆ ಯಾವ ಪದಾನೂ ಅರ್ಧಕ್ಕೆ ಬಿಡೋಕೆ ಭಯ.”

ಬಬ್ಬಣ್ಣ ಅಷ್ಟು ಹೊತ್ತೂ ತಲೆ ತಗ್ಗಿಸಿ ಹಿತಕುತ್ತಲೇ ಇದ್ದ. ಅವನಿಗೆ ಎಷ್ಟು ಕೇಳಿಸಿತೋ, ಕೇಳಿಸಿದ್ದರಲ್ಲಿ ಎಷ್ಟು ಒಳಗೆ ಹೋಯಿತೋ ನನಗೆ ಅಂದಾಜು ಸಿಗಲಿಲ್ಲ.

ಪಿಯುಸಿಯಲ್ಲಿ ನನಗೆ ಅತಿ ಹೆಚ್ಚು ಅಂಕ ಬಂದದ್ದು ಇಂಗ್ಲಿಷಿನಲ್ಲಿ. ಅಪ್ಪ ಫಲಿತಾಂಶ ನೋಡಿ, “ಇದ್ಯಾರ್ದೋ ಬೇರೇರದು ಇರ್ಬೇಕು ನೋಡವ್ವ” ಎಂದಿದ್ದರು. ಮುಂದೆ ಇಂಗ್ಲಿಷನ್ನೇ ತೆಗೆದುಕೊಂಡು ಬಿ.ಎ., ಬಿ.ಎಡ್. ಮುಗಿಸಿ, ಗುಬ್ಬಿಯ ಹತ್ತಿರದ ಹೈಸ್ಕೂಲಿನಲ್ಲಿ ಟೀಚರ್ ಆದೆ. ಮದುವೆಯಾಯಿತು, ಮಗಳು ಹುಟ್ಟಿದಳು. ತುಮಕೂರಿಗೆ ಹೋದಾಗಲೆಲ್ಲ ಮಿಸ್ ಮನೆಗೆ ಹೋಗದೆ ಬರುತ್ತಿರಲಿಲ್ಲ. ಪಾಠದ ನಡುವೆ ಪದವೊಂದು ಗಂಟು ಬಿದ್ದರೆ ಫೋನ್ ಮಾಡುತ್ತಿದ್ದೆ. ಹಲೋ ಕೂಡ ಹೇಳದೆ, “ಯಾವ ಪದ?” ಎನ್ನುತ್ತಿದ್ದರು.

ಮೊನ್ನೆ ಮೊನ್ನೆ ಅನ್ನುವ ಹಾಗಿದೆ, ಒಂದು ದಿನ ಅವರೇ ಫೋನ್ ಮಾಡಿದರು. “ಗುಬ್ಬಿ, ಬೆಂಗಳೂರಿನ ಆಸ್ಪತ್ರೆಗೆ ಹೋಗ್ಬೇಕು. ಜೊತೆಗೆ ಬರ್ತೀಯಾ ಬೇಟಾ?” ಕೆಲವು ತಿಂಗಳಿನಿಂದ ಊಟ ಸೇರುತ್ತಿರಲಿಲ್ಲ, ಬೆನ್ನಿನವರೆಗೂ ನೋವು ಎನ್ನುತ್ತಿದ್ದರು. ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆ ನುಂಗುತ್ತಿದ್ದರು. ರಿಪೋರ್ಟು ತೆಗೆದುಕೊಂಡು ಒಳಗೆ ಹೋದಾಗ ಆ ಚಿಕ್ಕ ವಯಸ್ಸಿನ ಡಾಕ್ಟರು ಅವರನ್ನೊಮ್ಮೆ ನೋಡಿ, ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮಾತಾಡಿದರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಲಿವರ್‌ಗೂ ಹರಡಿದೆ, ಪ್ರೊಗ್ನೋಸಿಸ್ ಚೆನ್ನಾಗಿಲ್ಲ, ಪೇಷೆಂಟಿಗೆ ಎಲ್ಲವನ್ನೂ ಹೇಳಬೇಕಾಗಿಲ್ಲ, ಎಂದು. ಅವರು ಕೆಟ್ಟವರಲ್ಲ. ಮುಖದಲ್ಲಿ ಕನಿಕರವಿತ್ತು. ಮಿಸ್ ಡಾಕ್ಟರ ಮಾತು ಮುಗಿಯಲು ಬಿಟ್ಟು, ಕನ್ನಡದಲ್ಲಿ, “ಎಷ್ಟು ತಿಂಗಳು ಡಾಕ್ಟ್ರೇ?” ಎಂದು ಕೇಳಿದರು.

ಹೊರಗೆ ಬೆಂಚಿನ ಮೇಲೆ ಕೂತೆವು. ಎದುರಿಗೆ ಜನ ಫೈಲು ಹಿಡಿದು ಓಡಾಡುತ್ತಿದ್ದರು.

“ಡಯಾಗ್ನೋಸಿಸ್ ಬಿಡಿಸು” ಎಂದರು ಮಿಸ್.

“ಬೇಡ ಮಿಸ್.”

“ಬಿಡಿಸು ಗುಬ್ಬಿ.”

“ಗ್ನೋಸಿಸ್ ಅಂದ್ರೆ ತಿಳಿಯೋದು. ಡಯಾಗ್ನೋಸಿಸ್, ಇದು ಬೇರೆ ಅದು ಬೇರೆ ಅಂತ ಬಿಡಿಸಿ ತಿಳಿಯೋದು.”

“ಪ್ರೊಗ್ನೋಸಿಸ್?”

“ಪ್ರೊ ಅಂದ್ರೆ ಮುಂಚೆ. ಮುಂಚೇನೇ ತಿಳಿಯೋದು.” ಅಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. ಅವರ ತೊಡೆಯ ಮೇಲೆ ಮುಖವಿಟ್ಟು ಅತ್ತೆ. ಅವರು ಬೆನ್ನು ತಟ್ಟುತ್ತ ಕೂತಿದ್ದರು.

“ಅಳು, ಪರವಾಗಿಲ್ಲ. ಆದ್ರೆ ಅರ್ಥ ಪೂರ್ತಿ ಮಾಡು. ಮುಂಚೇನೇ ತಿಳಿದ್ರೆ ಏನಾಗುತ್ತೆ?”

“ಗೊತ್ತಿಲ್ಲ ಮಿಸ್.”

“ಟೈಮ್ ಸಿಗುತ್ತೆ. ಬಬ್ಬೂಗೆ ಒಂದು ಮನೆ ಆಗ್ಬೇಕು.”

ಮುಂದಿನ ವಾರ ಕುಣಿಗಲ್‌ನ ತಮ್ಮ ಬಂದರು. ನಾನೂ ಹೋಗಿದ್ದೆ. ಒಳ್ಳೆಯ ಮನುಷ್ಯ. ಬಂದವರೇ ಅಕ್ಕನ ಕಾಲ ಬಳಿ ಕೂತು ಅತ್ತರು. ಔಷಧಿಯ ಖರ್ಚು ತನ್ನದು ಎಂದರು. ಬಬ್ಬಣ್ಣನ ಮಾತು ಬಂದಾಗ ಮಾತ್ರ ನೆಲ ನೋಡತೊಡಗಿದರು. ಸಣ್ಣ ಮನೆ, ಬೆಳೆದ ಮಕ್ಕಳು, ಹೆಂಡತಿಗೆ ಸೊಂಟನೋವು. ಇಂಥವರನ್ನು ನೋಡಿಕೊಳ್ಳುವ ಒಂದು ಹೋಮ್ ಇದೆಯಂತೆ, ವಿಚಾರಿಸಿದ್ದೇನೆ ಎಂದರು. ಅದುವರೆಗೂ ಅಕ್ಕನೊಂದಿಗೆ ಉರ್ದುವಿನಲ್ಲಿ ಆಡುತ್ತಿದ್ದವರು ನನ್ನ ಬೆಂಬಲ ಸಿಗಲಿ ಎಂದೋ ಏನೋ ಕನ್ನಡಕ್ಕೆ ತಿರುಗಿದರು.

“ಅಲ್ಲಿ ಚೆನ್ನಾಗಿ ನೋಡ್ಕೊಳ್ತಾರೆ ಆಪಾ. ಊಟ ಕೊಡ್ತಾರೆ, ಬಟ್ಟೆ ಕೊಡ್ತಾರೆ. ಅವನಿಗೇನ್ ಗೊತ್ತಾಗುತ್ತೆ, ಎಲ್ಲಿದ್ರೂ ಒಂದೇ.”

“ಗೊತ್ತಾಗಲ್ಲ ಅಂತ ನಿಂಗೆ ಹೆಂಗೋ ಗೊತ್ತು?”

ಮಿಸ್ ಕಿರುಚಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಒಳಗಿನ ಕೋಣೆಯಲ್ಲಿದ್ದ ಬಬ್ಬಣ್ಣ ಹೊರಗೆ ಬಂದು ಬಾಗಿಲಲ್ಲಿ ನಿಂತ. ಅವರು ಅವನನ್ನು ನೋಡಿ ದನಿ ಇಳಿಸಿದರು.

“ನೀನು ಹಿಂಗಂದಿದ್ದು ನಿನ್ನ ತಪ್ಪಲ್ಲ. ಈದ್‌ಗೆ ಒಂದು ದಿನ ನಿಮ್ಮನೆಗೆ ಬಂದು ಬಿರಿಯಾನಿ ತಿಂದ್ಕೊಂಡು ಹೋಗೋನನ್ನ ಯಾರಿಗೆ ತಿಳ್ಕೊಳ್ಳೋಕಾಗುತ್ತೆ? ಇಂಗ್ಲಿಷಲ್ಲಿ ಗುರುತು ಹಿಡಿಯೋಕೆ ರೆಕಗ್ನೈಸ್ ಅಂತಾರೆ. ಮತ್ತೆ ತಿಳಿಯೋದು ಅಂತ. ಒಂದೇ ಸಲಕ್ಕೆ ಯಾರೂ ಯಾರನ್ನೂ ತಿಳಿಯೋಕಾಗಲ್ಲ ಕಣೋ, ಮತ್ತೆ ಮತ್ತೆ ತಿಳೀಬೇಕು. ಪ್ರತಿ ಭಾನುವಾರ ಅವನನ್ನ ಕರ್ಕೊಂಡು ನಿಮ್ಮನೆಗೆ ಬರ್ತೀನಿ. ನನ್ನ ಕೈಲಾಗೋವರೆಗೂ. ಆಮೇಲೂ ಆಗಲ್ಲ ಅಂದ್ರೆ ಹೋಮ್‌ಗೇ ಬಿಡು. ತಡೆಯೋಕೆ ನಾನಿರಲ್ಲ.”

ಹಾಗೆ ಭಾನುವಾರಗಳು ಶುರುವಾದವು. ಸಾಧ್ಯವಾದಾಗ ನಾನೂ ತುಮಕೂರಿಗೆ ಬಂದು ಅವರ ಜೊತೆ ಕುಣಿಗಲ್ ಬಸ್ಸು ಹತ್ತುತ್ತಿದ್ದೆ. ಮಿಸ್ಸಿಗೆ ಬಸ್ಸಿನ ಪ್ರತಿ ಕುಲುಕಾಟಕ್ಕೂ ನೋವು. ಮುಂದಿನ ಸೀಟಿನ ಕಂಬಿ ಹಿಡಿದು ತುಟಿ ಕಚ್ಚಿಕೊಂಡು ಕೂರುತ್ತಿದ್ದರು. ಬಬ್ಬಣ್ಣ ಕಿಟಕಿಯಿಂದ ಕುದುರೆ ಕಾಣಿಸಿದರೆ ಸಾಕು, ಗಾಜಿಗೆ ಕೈ ಬಡಿಯುತ್ತಿದ್ದ. ಕುಣಿಗಲ್‌ನ ಕುದುರೆ ಫಾರಂನ ಬೇಲಿ ಅವನಿಗೆ ಚಿಕ್ಕಂದಿನಿಂದ ಪರಿಚಯ.

ತಮ್ಮನ ಹೆಂಡತಿ ಮೊದಲ ವಾರ ಬಬ್ಬಣ್ಣನಿಗೆ ಮೂಲೆಯಲ್ಲಿ ಬೇರೆ ತಟ್ಟೆ ಇಟ್ಟರು. ಅವನು ಹತ್ತಿರ ಬಂದರೆ ಸೆರಗು ಎಳೆದುಕೊಂಡು ಅಡುಗೆಮನೆ ಸೇರುತ್ತಿದ್ದರು. ಅಷ್ಟು ದೊಡ್ಡ ಆಳು, ಮಾತಿಲ್ಲ, ಏನು ಮಾಡುತ್ತಾನೋ ಎಂಬ ಹೆದರಿಕೆ. ಮಿಸ್ ಒಂದು ವಾರ ಅವರೆಕಾಳು ನೆನೆಸಿ ಇಟ್ಟಿರಿ ಎಂದು ಮೊದಲೇ ಫೋನ್ ಮಾಡಿದ್ದರು. ಬಬ್ಬಣ್ಣ ಹೋದವನೇ ಪಾತ್ರೆ ಎಳೆದುಕೊಂಡು ಕೂತ. ಮನೆಯವರೆಲ್ಲ ಮಧ್ಯಾಹ್ನದವರೆಗೂ ಮಾಡುವ ಕೆಲಸ, ನಾವು ಟೀ ಕುಡಿದು ಮುಗಿಸುವಷ್ಟರಲ್ಲಿ ಅರ್ಧವಾಗಿತ್ತು. ಆಕೆ ನಿಂತು ನೋಡಿದರು. “ಯಾ ಅಲ್ಲಾ, ಒಂದೂ ಮುರಿದಿಲ್ವಲ್ಲ! ಇವ್ರು ಇಲ್ಲೇ ಇರ್ಲಿ ಬಿಡಿ ಆಪಾ” ಎಂದು ನಕ್ಕರು. ಅವನ ಪಕ್ಕದಲ್ಲೇ ಕೂತು ತಾವೂ ಹಿತಕತೊಡಗಿದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಖುಷಿಯಿಂದ ಅದನ್ನೇ ಎತ್ತಿದೆ. ಮಿಸ್ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು. ಅಳುತ್ತಿದ್ದಾರೆ ಎಂದು ತಡವಾಗಿ ಗೊತ್ತಾಯಿತು.

“ಕೆಲಸಕ್ಕೆ ಬರ್ತಾನೆ ಅಂತ ಇಟ್ಕೊಳ್ತಾರೆ. ಇರ್ಲಿ ಗುಬ್ಬಿ. ಮೊದಲು ಕೆಲಸಕ್ಕೆ ಬರ್ಲಿ. ಮನುಷ್ಯ ಅಂತ ಆಮೇಲೆ ಗೊತ್ತಾಗುತ್ತೆ. ನಾನು ನೋಡೋಕಿರಲ್ಲ, ಅಷ್ಟೆ.”

ಆದರೆ ಅಷ್ಟು ತಡವಾಗಲಿಲ್ಲ. ಇನ್ನೂ ಎರಡು ಮೂರು ಭಾನುವಾರ ಕಳೆದ ಮೇಲೆ, ಊಟಕ್ಕೆ ಕೂರುವಾಗ ಆಕೆ ತಾವಾಗಿಯೇ ಬಬ್ಬಣ್ಣನ ತಟ್ಟೆಯನ್ನು ಮೂಲೆಯಿಂದ ಎತ್ತಿ ತಮ್ಮ ಗಂಡನ ತಟ್ಟೆಯ ಪಕ್ಕಕ್ಕೆ ಇಟ್ಟರು. ಮಿಸ್ ಅವತ್ತು ಬಹಳ ದಿನಗಳ ಮೇಲೆ ಎರಡು ತುತ್ತು ಹೆಚ್ಚಾಗಿ ತಿಂದರು.

ಕೊನೆಯ ವಾರಗಳನ್ನು ಅವರು ಆ ಮನೆಯಲ್ಲೇ ಕಳೆದರು. ತುಮಕೂರಿನ ಮನೆ ಖಾಲಿ ಮಾಡಿದಾಗ ಪುಸ್ತಕಗಳನ್ನೆಲ್ಲ ಕಾಲೇಜಿಗೆ ಕೊಟ್ಟರು. ನಾನು ನೋಡಲು ಹೋದಾಗ ಕೈ ಹಿಡಿದರೆ ಮೂಳೆ ಸಿಗುತ್ತಿತ್ತು. ಕಣ್ಣು ಮಾತ್ರ ಹಾಗೇ ಇದ್ದವು. ಮಂಚದ ಪಕ್ಕದಲ್ಲಿ ಬಬ್ಬಣ್ಣ ಚಾಪೆ ಹಾಸಿಕೊಂಡು ಕೂತಿರುತ್ತಿದ್ದ. ಅಕ್ಕತಮ್ಮ ಇಬ್ಬರೇ ಇರುವಾಗ ಅವರು ಅವನೊಂದಿಗೆ ಮೆಲುದನಿಯಲ್ಲಿ ಏನೋ ಆಡುತ್ತಿದ್ದರು. ನಾನು ಒಳಗೆ ಕಾಲಿಟ್ಟರೆ ನಿಲ್ಲಿಸುತ್ತಿದ್ದರು.

“ಸ್ಕೂಲಲ್ಲಿ ಮಕ್ಕಳಿಗೆ ಪದ ಬಿಡಿಸಿ ಹೇಳ್ತೀಯಾ?” ಎಂದು ಕೇಳಿದರು.

“ಹೇಳ್ತೀನಿ ಮಿಸ್.”

“ಪೂರ್ತಿ ಹೇಳು. ಕಹಿ ಇದ್ರೂ ಹೇಳು.”

ನನ್ನ ಜೊತೆ ಅವರು ಆಡಿದ ಕೊನೆಯ ಮಾತು ಅದು.

ಫೋನ್ ಬಂದಾಗ ಶಾಲೆಗೆ ಹೊರಡುತ್ತಿದ್ದೆ. ಕುಣಿಗಲ್ ತಲುಪುವ ಹೊತ್ತಿಗೆ ಮನೆ ತುಂಬ ಹೆಂಗಸರು. ನನ್ನ ಹಣೆಯ ಕುಂಕುಮ ನೋಡಿ ಯಾರೋ ಒಬ್ಬರು ಏನೂ ಕೇಳದೆ ಸರಿದು ಕೂರಲು ಜಾಗ ಮಾಡಿಕೊಟ್ಟರು. ಬಿಳಿ ಬಟ್ಟೆಯ ನಡುವೆ ಮಿಸ್ಸಿನ ಮುಖ ಚಿಕ್ಕ ಹುಡುಗಿಯದರಂತೆ ಕಾಣಿಸಿತು. ಬಬ್ಬಣ್ಣನಿಗಾಗಿ ಸುತ್ತ ನೋಡಿದೆ. ಅವನಿರಲಿಲ್ಲ. ನೋಡಿ ಗಲಾಟೆ ಮಾಡಿಕೊಂಡಾನು ಎಂದು ಬೆಳಿಗ್ಗೆಯೇ ಪಕ್ಕದ ಬೀದಿಯ ನೆಂಟರ ಮನೆಗೆ ಕಳಿಸಿದ್ದರಂತೆ. ಕರೆಸಿ ಮುಖ ತೋರಿಸಿ ಎಂದು ಹೇಳಬೇಕೆನ್ನಿಸಿತು. ಹೊರಗಿನವಳು ನಾನು, ಆ ಹೊತ್ತಿನಲ್ಲಿ ಯಾರಿಗೆ ಹೇಳಲಿ? ಗಂಡಸರು ಬಂದು ಎತ್ತಿಕೊಂಡು ಹೋದರು. ಅಬ್ಬಾನ ಪಕ್ಕದಲ್ಲೇ ಜಾಗ ಸಿಕ್ಕಿತು ಎಂದು ಆಮೇಲೆ ತಿಳಿಯಿತು.

ಊರಿಗೆ ಬಂದು ಪಾಠ ಮಾಡಿದೆ, ಅಡುಗೆ ಮಾಡಿದೆ, ಮಗಳ ಹೋಂವರ್ಕ್ ನೋಡಿದೆ. ಅಳು ಬರಲಿಲ್ಲ. ಪದ ಗಂಟು ಬಿದ್ದಾಗ ಕೈ ತಾನಾಗಿ ಫೋನಿಗೆ ಹೋಗುತ್ತಿತ್ತು. ಒಮ್ಮೆ ಅವರ ನಂಬರು ಒತ್ತಿಯೂ ಬಿಟ್ಟಿದ್ದೆ. ರಿಂಗ್ ಆಗುವ ಮೊದಲೇ ನಿಲ್ಲಿಸಿದೆ.

ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆಗೆ ಬರಲೇಬೇಕೆಂದು ತಮ್ಮ ಕರೆದಿದ್ದರು. ಹೋದೆ. ಊಟವಾದ ಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದು, “ದೇವ್ರು ದೊಡ್ಡೋನು ಮೇಡಂ. ಬಬ್ಬೂಗೆ ಏನೂ ಗೊತ್ತಾಗಿಲ್ಲ. ಒಂದಿನಾನೂ ಆಪಾ ಎಲ್ಲಿ ಅಂತ ಕೇಳಿಲ್ಲ. ನಾವೂ ಹೇಳಿಲ್ಲ, ಹೇಳಿದ್ರೆ ಸುಮ್ನೆ ಸಂಕಟ” ಎಂದರು.

ಹಿಂದೆ ನಿಂತಿದ್ದ ಅವರ ಹೆಂಡತಿ, “ಟೀ ಬಿಟ್ಟವ್ರಲ್ಲ, ಅದು ಯಾಕೆ?” ಎಂದರು. ಗಂಡ ತಿರುಗಿ ನೋಡಿದರು. “ಮೊದಲು ಬೆಳಿಗ್ಗೆ, ಸಾಯಂಕಾಲ ಆಪಾ ಜೊತೆ ಕುಡೀತಿದ್ರು. ಅವತ್ತಿಂದ ಮುಟ್ಟಿಲ್ಲ. ಸಕ್ಕರೆ ಜಾಸ್ತಿ ಹಾಕ್ದೆ, ಏಲಕ್ಕಿ ಹಾಕ್ದೆ. ಲೋಟ ಹಂಗೇ ತಳ್ತಾರೆ. ನಿಮ್ಗೆ ಹೇಳಿದ್ರೆ ಏನೋ ಅಜೀರ್ಣ ಅಂದ್ರಿ.”

ಆ ಮನುಷ್ಯ ತಲೆಯ ಮೇಲಿದ್ದ ಟೋಪಿ ತೆಗೆದು ಕೈಯಲ್ಲಿ ಮಡಿಸಿ, ಬಿಡಿಸಿ, ಮತ್ತೆ ಮಡಿಸಿದರು. “ನೀವೇ ಒಂದು ಮಾತು ಆಡಿ ನೋಡಿ ಮೇಡಂ” ಎಂದರು ಕೊನೆಗೆ. “ನಂಗೆ ಅವನ ಮುಖ ನೋಡೋಕಾಗಲ್ಲ.”

ಬಬ್ಬಣ್ಣ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದ. ಅಂಗಿಯ ಗುಂಡಿಯನ್ನು ಯಾರೋ ಸರಿಯಾಗಿಯೇ ಹಾಕಿದ್ದರು. ತಲೆ ಬಾಚಿತ್ತು. ಪಕ್ಕದಲ್ಲಿ ಕೂತೆ. ಏನು ಹೇಳುವುದು ಎಂದು ಯೋಚಿಸಿದೆ. ಆಪಾ ಊರಿಗೆ ಹೋಗಿದಾರೆ, ಆಪಾ ಅಲ್ಲಾನ ಹತ್ತಿರ ಹೋಗಿದಾರೆ, ಹೀಗೆ ಎಷ್ಟೋ. ಎಲ್ಲವೂ ಅರ್ಧ ಅನ್ನಿಸಿತು.

“ಬಬ್ಬಣ್ಣ, ಆಪಾ ತೀರ್ಕೊಂಡ್ರು. ಸತ್ತೋದ್ರು. ಇನ್ನು ಬರಲ್ಲ.”

ಅವನು ನನ್ನ ಕಡೆ ತಿರುಗಲಿಲ್ಲ. ನನಗೆ ಕೇಳಿಸಲಿ ಎಂಬಂತೆ ಬಿಡಿಸಿ ಹೇಳಿದ.

“ಗೊತ್ತು. ಆಪಾ ಹೇಳ್ತು.”

ಮಂಚದ ಪಕ್ಕದ ಆ ಚಾಪೆಯಲ್ಲಿ ಕೂತವನಿಗೆ ಅವರು ಅಷ್ಟು ದಿನ ಮೆಲುದನಿಯಲ್ಲಿ ಏನು ಹೇಳುತ್ತಿದ್ದರು ಎಂಬುದು ಆಗ ತಿಳಿಯಿತು. ಏನೋ ಒಡೆದುಕೊಂಡಂತೆ ನಾನು ಬಿಕ್ಕತೊಡಗಿದೆ. ಒಳಗಿನಿಂದ ಯಾರೋ ಇಣುಕಿ ನೋಡಿ ಹಿಂದಕ್ಕೆ ಹೋದರು. ಬಬ್ಬಣ್ಣ ಎದ್ದು ಹೋಗಲಿಲ್ಲ. ಸಮಾಧಾನವನ್ನೂ ಮಾಡಲಿಲ್ಲ. ನನ್ನ ಅಳು ಮುಗಿಯುವವರೆಗೂ ಪಕ್ಕದಲ್ಲಿ ಕಾದು ಕೂತಿದ್ದ. ಮಿಸ್ ಇನ್ನಿಲ್ಲವೆಂಬುದು ನನಗೆ ನಿಜವಾಗಿ ಗೊತ್ತಾದದ್ದು ಆ ಮೆಟ್ಟಿಲ ಮೇಲೆ.